ಎಂಟು ಕಿಲೋ ಹೊಟ್ಟೆ

ಎಂಟು ಕಿಲೋ ಕಂಚು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಎದ್ದಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಹತ್ತೂವರೆಯ ಹೊತ್ತಿಗೆ ಎರಕದ ಮನೆಯಲ್ಲಿದ್ದ ಮೂವರು ಸೇರಿ ಅದಕ್ಕೆ ಐದು ಉತ್ತರ ಹುಟ್ಟಿಸಿದ್ದರು. ಐದರಲ್ಲೂ ತಪ್ಪು ಇನ್ನೊಬ್ಬರದೇ ಆಗಿತ್ತು.

ಪ್ರಶ್ನೆಗೆ ಕಾರಣನಾದವನು ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿದ್ದ. ಸೊಂಟದೆತ್ತರದ ಕಂಚಿನ ಮನುಷ್ಯ. ಮುಖವಿಲ್ಲ, ಕೈಗಳಿಲ್ಲ, ಒಂದು ಭುಜ ಮೇಲೆ, ಇನ್ನೊಂದು ಕೆಳಗೆ, ಕತ್ತಿರಬೇಕಾದ ಕಡೆ ಯಾರೋ ಹಿಂದಿನಿಂದ ಕರೆದಾಗ ಅರ್ಧ ತಿರುಗಿದಂತೆ ಒಂದು ತಿರುಚು. ಶಿಲ್ಪಿ ಅಂಟಿಸಿ ಕಳಿಸಿದ್ದ ಚೀಟಿಯಲ್ಲಿ 'ಮನುಷ್ಯ ಏಳು' ಎಂದಿತ್ತು. ಅಂಥವು ಆರು ಈಗಾಗಲೇ ಬೇರೆಲ್ಲೋ ನಿಂತಿವೆ, ಇದು ಏಳನೆಯದು ಎಂದು ಅದರ ಅರ್ಥ. ಕುಲುಮೆ ನೋಡಿಕೊಳ್ಳುವ ಬೆಂಕಿರಾಯ ಅದನ್ನು ಮೊದಲ ದಿನ ಜೋರಾಗಿ ಓದಿ, "ಐದಕ್ಕೇ ಎದ್ದಿದ್ದೀನಪ್ಪ, ನನಗ್ಯಾಕೆ ಹೇಳ್ತೀಯ" ಎಂದಿದ್ದ.

ಈಗ ಅದೇ ಬೆಂಕಿರಾಯ ಮನುಷ್ಯನ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ತಲೆ ಕೆರೆದುಕೊಳ್ಳುತ್ತಿದ್ದ. ಮನುಷ್ಯನಿಗೆ ಪಾದಗಳೇ ಬಂದಿರಲಿಲ್ಲ. ಮುಖ ಮತ್ತು ಕೈ ಇಲ್ಲದಿರುವುದು ಕಲೆ. ಪಾದ ಇಲ್ಲದಿರುವುದು ಬೆಂಕಿರಾಯನ ಮರ್ಯಾದೆಯ ಪ್ರಶ್ನೆ. ಅಚ್ಚನ್ನು ತಲೆಕೆಳಗಾಗಿ ಮರಳಿನಲ್ಲಿ ಹೂತು ಕಾಲಿನ ಕಡೆಯಿಂದ ಕಂಚು ಸುರಿಯುವುದು ಇಲ್ಲಿನ ಪದ್ಧತಿ. ಲೋಹ ಸಾಲದೆ ಬಂದರೆ ತಲೆ, ಎದೆ, ಸೊಂಟ ಎಲ್ಲ ಉಂಡು ಮುಗಿಸಿರುತ್ತವೆ. ಕೊನೆಯ ಪಂಕ್ತಿಯ ಕಾಲಿಗೆ ಖಾಲಿ ಎಲೆ.

"ಸೋರಿದೆ. ಇನ್ನೇನು?" ಎಂದಳು ಆ ಮನೆಯ ಸೊಸೆ. "ಅಚ್ಚು ಬಿರುಕು ಬಿಟ್ಟು ಮರಳಿಗೆ ಸೋರಿದೆ. ಪಾದಕ್ಕೆ ನಾಲ್ಕು ಕಿಲೋ, ಸುರಿಯೋ ಬಟ್ಟಲಲ್ಲಿ ಮಿಗಬೇಕಾಗಿದ್ದು ನಾಲ್ಕು. ಎಂಟು ಕಿಲೋ ಮಣ್ಣುಪಾಲು."

"ನನ್ನ ಅಚ್ಚು ಬಿರುಕು ಬಿಟ್ಟಿದ್ದು ನೀನು ಯಾವತ್ತಾದ್ರೂ ನೋಡಿದ್ದೀಯೇನಮ್ಮ?"

"ನೋಡಿಲ್ಲ. ಇವತ್ತು ನೋಡ್ತಾ ಇದ್ದೀನಿ."

ಈ ಸೊಸೆ ಎರಕದ ಮನೆಯ ಫೋನು, ಬೀಗದ ಕೈ, ಊಟದ ಹೊತ್ತು, ಎಲ್ಲರ ಔಷಧಿ ಇಷ್ಟನ್ನೂ ನಡೆಸುವವಳು. ಅವಳ ಗಂಡ ರಬ್ಬರ್ ಅಚ್ಚು ತೆಗೆದು ಮೇಣ ಹೊಯ್ಯುವವನು. ಆ ಗಂಡನ ಸೋದರತ್ತೆ, ಅಂದರೆ ಸತ್ತುಹೋದ ಹಳೆಯ ಯಜಮಾನರ ತಂಗಿ, ಕಿಟಕಿಯ ಪಕ್ಕದ ಮೇಣದ ಮೇಜಿನಲ್ಲಿ ಮೂರು ಕಾಲಿನ ಸ್ಟೂಲಿನ ಮೇಲೆ ಕೂತು ಈ ವಾಗ್ವಾದವನ್ನು ಕೇಳುತ್ತಿದ್ದಳು. ಅವಳನ್ನು ಊರೆಲ್ಲ ಮೇಣದತ್ತೆ ಎನ್ನುತ್ತಿತ್ತು. ಅವಳಿಗೆ ಅರವತ್ತೊಂದು ವರ್ಷ. ಅದರಲ್ಲಿ ಮೂವತ್ತೆಂಟು ಈ ಸ್ಟೂಲಿನ ಮೇಲೆ ಕಳೆದಿದ್ದವು. ಸೋದರಳಿಯ ಹೊಯ್ದ ಮೇಣದ ಗೊಂಬೆ ಅವಳ ಮುಂದೆ ಬರುತ್ತಿತ್ತು. ಗುಳ್ಳೆ, ಬಿರುಕು, ತೂತು, ಹರಿದ ಅಂಚು ಎಲ್ಲವನ್ನೂ ಬಿಸಿ ಮಾಡಿದ ಸಣ್ಣ ಕರಣೆಯಿಂದ ಮುಚ್ಚಿ, ನುಣುಪು ಮಾಡಿ, ತಪ್ಪೇನಾದರೂ ಆಗಿತ್ತು ಎನ್ನುವುದೇ ಗೊತ್ತಾಗದಂತೆ ಬೆಂಕಿರಾಯನಿಗೆ ದಾಟಿಸುವುದು ಅವಳ ಕೆಲಸ. ಆಮೇಲೆ ಮೇಣ ಕರಗಿ ಹೋಗುತ್ತದೆ, ಅದರ ಜಾಗದಲ್ಲಿ ಕಂಚು ಕೂರುತ್ತದೆ. ಹೀಗೆ ತನ್ನ ಕೆಲಸವೆಲ್ಲ ಕರಗಿ ಹರಿದುಹೋಗುವುದನ್ನು ನೋಡುತ್ತಲೇ ಬಂದವಳಿಗೆ ಇರಬೇಕಾದ ವೈರಾಗ್ಯ ಅವಳಿಗೆ ಸ್ವಲ್ಪವೂ ಬಂದಿರಲಿಲ್ಲ. ಬಾಯಿ ಚುರುಕು, ಕೈ ಅದಕ್ಕಿಂತ ಚುರುಕು. ಕಣ್ಣು ಮಾತ್ರ ಎರಡು ವರ್ಷದಿಂದ ಕೈಕೊಡುತ್ತಿತ್ತು.

ಮೊನ್ನೆ ಮೊನ್ನೆ ಆ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಎರಡು ವಾರ ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕೂತಾಗ ಸೊಸೆಗೊಂದು ಯೋಚನೆ ಬಂತು; ಅವಳಿಗೆ ಬಂದ ಯೋಚನೆ ಮರುದಿನವೇ ಸಾಮಾನಾಗಿ ಮನೆಗೆ ಬರುವುದು ರೂಢಿ. ಈ ಸಲ ಬಂದಿದ್ದು ಒಂದು ಆರಾಮ ಕುರ್ಚಿ. ಹಿಂದಕ್ಕೆ ವಾಲುತ್ತದೆ, ಕಾಲಿಗೆ ಒತ್ತು ಇದೆ, ದಪ್ಪ ದಿಂಬು ಇದೆ. ಅದನ್ನು ಮನೆಯ ನಡುಕೋಣೆಯಲ್ಲಿ ಟಿವಿಯ ಎದುರಿಗೆ ಹಾಕಲಾಗಿತ್ತು. ಅತ್ತೆ ಅದರ ಮೇಲೆ ಕೂರಲಿಲ್ಲವಾಗಿ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇತ್ತು.

"ಅತ್ತೆ, ನಿಮ್ಮ ಮೇಲಿನ ಪ್ರೀತಿಗೇ ಹೇಳ್ತಿರೋದು" ಎಂದು ಸೊಸೆ ಅವತ್ತೇ ಹೇಳಿದ್ದಳು. ಪ್ರೀತಿ ನಿಜವೇ ಆಗಿತ್ತು. ಅದರಿಂದ ತಪ್ಪಿಸಿಕೊಳ್ಳುವುದು ಕಷ್ಟ ಎನ್ನುವುದೂ ನಿಜವಾಗಿತ್ತು. "ಮೇಣದ ಮೇಜಲ್ಲಿ ಇನ್ನೊಂದೇ ಒಂದು ಎಡವಟ್ಟಾದ್ರೂ ನೀವು ಕುರ್ಚಿಗೆ. ನಾನು ಯಾರ ಮಾತೂ ಕೇಳಲ್ಲ."

ಅತ್ತೆ ಒಪ್ಪಿದ್ದಳು. ಹೊಸ ಕಣ್ಣಿನಲ್ಲಿ ಎಡವಟ್ಟು ಆಗುವ ಪ್ರಶ್ನೆಯೇ ಇರಲಿಲ್ಲ. ಇಷ್ಟು ವರ್ಷ ಮೋಡದೊಳಗೆ ಕೂತು ಕೆಲಸ ಮಾಡಿದ್ದೆ ಎನ್ನಿಸುವಷ್ಟು ಜಗತ್ತು ಸ್ಪಷ್ಟವಾಗಿತ್ತು. ಬೆಂಕಿರಾಯನ ಮೂಗಿನ ಮೇಲೆ ಮಚ್ಚೆಯಿರುವುದೂ ಈಗಲೇ ಗೊತ್ತಾಗಿದ್ದು.

"ಸೋರಿದ್ರೆ ಮರಳಲ್ಲಿ ಸಿಗಬೇಕಲ್ಲ" ಎಂದಳು ಈಗ, ಸ್ಟೂಲಿನಿಂದಲೇ. "ಅವನ ಮೇಲೆ ಯಾಕೆ ಹಾರ್ತೀಯ? ಅಗೆದು ನೋಡ್ಲಿ."

"ಅಗೆದಾಯ್ತು ಮೇಣಮ್ಮ" ಎಂದ ಬೆಂಕಿರಾಯ. ಅವನ ಮೊಣಕೈವರೆಗೂ ಮರಳಿತ್ತು. "ಎರಡು ಮೊಳೆ, ಒಂದು ಚಮಚ, ನೀನು ಹೋದ ವರ್ಷ ಕಳಕೊಂಡ ಕತ್ತರಿ. ಕಂಚು ಒಂದು ಕಾಳಿಲ್ಲ."

"ಹಾಗಾದ್ರೆ ಮನುಷ್ಯನ್ನ ತಕ್ಕಡಿಗೆ ಹಾಕು."

ಇದು ಸರಳವಾದ ಮಾತು. ಒಂದು ಪಾಲು ಮೇಣ ಇದ್ದ ಜಾಗಕ್ಕೆ ಒಂಬತ್ತು ಪಾಲು ಕಂಚು ಬೇಕು. ಎರಕದ ಮನೆಯಲ್ಲಿ ಮಗ್ಗಿ ಶುರುವಾಗುವುದೇ ಒಂಬತ್ತರಿಂದ. ಮೇಣ ನಾಲ್ಕು ಕಿಲೋ ತೂಗಿತ್ತು. ಮೂವತ್ತಾರು ಕಿಲೋ ಕಂಚಿಗೆ, ಬಟ್ಟಲಲ್ಲಿ ಮಿಗಲೆಂದು ನಾಲ್ಕು ಸೇರಿಸಿ, ಬೆಂಕಿರಾಯ ನಲವತ್ತು ಕರಗಿಸಿದ್ದ. ಪಾದವಿಲ್ಲದ ಮನುಷ್ಯ ಈಗ ಮೂವತ್ತೆರಡು ತೂಗಬೇಕು.

ಬೆಂಕಿರಾಯ, ಸೊಸೆ ಇಬ್ಬರೂ ಸೇರಿ ಅವನನ್ನು ಎತ್ತಿ ತಕ್ಕಡಿಯ ಮೇಲೆ ಕೂರಿಸಿದರು. ಮುಳ್ಳು ಒಂದು ಸಲ ಓಲಾಡಿ ನಲವತ್ತರ ಮೇಲೆ ನಿಂತಿತು.

"ನೋಡಿದ್ಯಾ!" ಎಂದು ಅತ್ತೆ ಗೆದ್ದವಳಂತೆ ಎದ್ದು ನಿಂತಳು. "ಸೋರಿಲ್ಲ. ಎಲ್ಲಾ ಇವನೊಳಗೇ ಇದೆ. ತಿಂದಿದ್ದಾನೆ."

ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ಪ್ರಶ್ನೆ ಎದ್ದಿತು. ಎಲ್ಲಿ ತಿಂದಿದ್ದಾನೆ?

ಅವಳು ಮರದ ಸುತ್ತಿಗೆಯ ಹಿಡಿಯಿಂದ ಮನುಷ್ಯನ ಭುಜಕ್ಕೆ ಮೆಲ್ಲಗೆ ಬಡಿದಳು. ಟೊಳ್ಳು ಕಂಚು 'ಣಣ್' ಎಂದಿತು. ತೊಡೆ 'ಣಣ್' ಎಂದಿತು. ಬೆನ್ನಿನ ಮೇಲ್ಭಾಗ, ಎದೆ, ಎಲ್ಲ ಸರಿಯಾಗಿ 'ಣಣ್' ಎಂದವು. ಹೊಟ್ಟೆ 'ದಬ್' ಎಂದಿತು. ಕಂಠಮಟ್ಟ ಉಂಡು ಮಲಗಿದವನ ಹೊಟ್ಟೆಯೂ ಇಷ್ಟು ಗಟ್ಟಿಯಾಗಿ 'ದಬ್' ಎನ್ನಲಾರದು.

ಆರು ದಿನದ ಹಿಂದಿನ ಮಧ್ಯಾಹ್ನ ಅವಳಿಗೆ ಪೂರ್ತಿ ನೆನಪಾಯಿತು.

ಅವಳು ಕಪ್ಪು ಕನ್ನಡಕ ತೆಗೆದು ಕೆಲಸಕ್ಕೆ ಮರಳಿದ ಮೊದಲ ದಿನ ಅದು. ಅವಳು ಮನೆಯಲ್ಲಿದ್ದಾಗಲೇ ಶಿಲ್ಪಿ ತನ್ನ ಪ್ಲಾಸ್ಟರಿನ ಮೂಲವನ್ನು ತಂದು, ಅಳಿಯ ಅದರಿಂದ ರಬ್ಬರ್ ಅಚ್ಚು ತೆಗೆದ ಮೇಲೆ, ವಾಪಸು ಒಯ್ದಿದ್ದಳು. ಅತ್ತೆ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಅಳಿಯನೂ ಮೇಣ ಹೊಯ್ದು ಮೇಜಿನ ಮೇಲಿಟ್ಟವನೇ, ಯಾರೋ ದಾನಿಗಳ ಮೀಸೆ ಸಮೇತದ ಪ್ರತಿಮೆಯನ್ನು ಲಾರಿಯಲ್ಲಿ ಹಾಕಿಕೊಂಡು ದೂರದೂರಿಗೆ ಹೊರಟುಬಿಟ್ಟಿದ್ದ. "ಅತ್ತೆ, ಇದು ಮಾಡರ್ನು" ಎಂದು ಸೊಸೆ ಎಚ್ಚರಿಸಿದ್ದಳು. "ಮುಖ ಇಲ್ಲ, ಕೈ ಇಲ್ಲ. ಏನನ್ನೂ ಸೇರಿಸೋಕೆ ಹೋಗ್ಬೇಡಿ." ಸರಿ. ಮುಖ ಇಲ್ಲ ಎಂದು ಹೇಳಿದ್ದರು, ಕೈ ಇಲ್ಲ ಎಂದು ಹೇಳಿದ್ದರು. ಹೊಟ್ಟೆ ಇಲ್ಲ ಎಂದು ಯಾರೂ ಹೇಳಿರಲಿಲ್ಲ.

ಮೇಣದ ಮನುಷ್ಯನ ಹೊಟ್ಟೆಯಲ್ಲಿ, ಮುಷ್ಟಿ ಸಲೀಸಾಗಿ ಹೋಗುವಷ್ಟು ದೊಡ್ಡ ತೂತೊಂದು ಮುಂದಿನಿಂದ ಬೆನ್ನಿನವರೆಗೆ ಕೊರೆದುಕೊಂಡು ಹೋಗಿತ್ತು. ಅಂಚು ಹರಿದಿತ್ತು, ಎಳೆ ಎಳೆ ಜೋತಿತ್ತು. ಹೊಯ್ಯುವಾಗ ಗಾಳಿ ಸಿಕ್ಕಿಕೊಂಡರೆ ಮೇಣದಲ್ಲಿ ತೂತು ಬೀಳುವುದುಂಟು. 'ಇಷ್ಟು ದೊಡ್ಡ ಗಾಳಿಯನ್ನ ನಾನು ಜನ್ಮದಲ್ಲಿ ಕಂಡಿಲ್ಲ' ಎಂದುಕೊಂಡಳು ಅತ್ತೆ. ಲಾರಿ ಹೊರಡುವ ಅವಸರದಲ್ಲಿ ಹುಡುಗ ಕೆಡಿಸಿದ್ದಾನೆ, ಹೆಂಡತಿ ನೋಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಅಳಿಯನ ಮಾನ ಉಳಿಸುವುದು ಸೋದರತ್ತೆಯಲ್ಲದೆ ಇನ್ಯಾರ ಕೆಲಸ? ಬಾಗಿಲು ಓರೆ ಮಾಡಿಕೊಂಡು, ಮುಂದೊಂದು ಹಿಂದೊಂದು ಮೇಣದ ಹಾಳೆ ಹಾಕಿ, ಬೆಸೆದು, ಉಜ್ಜಿ, ಮಧ್ಯಾಹ್ನ ಮುಗಿಯುವುದರೊಳಗೆ ತಾಯಿ ಹೆತ್ತಂಥ ಹೊಟ್ಟೆ ತಂದಳು. ಸೇರಿಸಬಾರದು ಎಂದಿದ್ದರು, ಅದು ನೆನಪಿತ್ತು. ಆದರೆ ಸೇರಿಸುವುದು ಬೇರೆ, ಮುಚ್ಚುವುದು ಬೇರೆ. ಮುಗಿಸಿ ದೂರ ನಿಂತು ನೋಡಿದರೆ ಅದು ಹೊಸದಾಗಿ ಸಾರಿಸಿದ ಗೋಡೆಯಂತೆ ಬೋಳಾಗಿತ್ತು. ಕಿರುಬೆರಳಿನ ತುದಿ ತಾನಾಗಿಯೇ ಹೋಗಿ ನಡುವೆ ಒಂದು ಸಲ ಒತ್ತಿ ಬಂತು.

ಹೊಕ್ಕುಳು. ಅದಂತೂ ಸೇರಿಸಿದ್ದೇ.

ಹಾಳೆ ಹಾಕುವ ಮುಂಚೆ ಒಳಗಿನ ತೂತಿಗೆ ಮಣ್ಣು ತುರುಕಬೇಕಿತ್ತು. ಗುಟ್ಟಿನ ಅವಸರದಲ್ಲಿ ಅದು ಮರೆತುಹೋಗಿತ್ತು. ಅಚ್ಚಿನೊಳಗೆ ಖಾಲಿ ಜಾಗ ಅಂದರೆ ಕಂಚಿಗೆ ಆಮಂತ್ರಣ. ಅದು ಮುಚ್ಚಿದ ಹೊಟ್ಟೆಯೊಳಗೆ ನುಗ್ಗಿ, ಎಂಟು ಕಿಲೋ ಗಟ್ಟಿ ಉಂಡೆಯಾಗಿ ಕೂತುಬಿಟ್ಟಿತ್ತು.

"ಒಳಗೆ ಟೊಳ್ಳು ಉಳಿಯೋಕೆ ತುಂಬೋ ಮಣ್ಣು ಸರಿದಿದೆ" ಎಂದು ಸೊಸೆ ಆರನೇ ಉತ್ತರ ಕೊಟ್ಟಳು. "ಅದಕ್ಕೇ ಒಂದು ಕಡೆ ಗೋಡೆ ದಪ್ಪ ಆಗಿದೆ. ಮಣ್ಣು ಕಟ್ಟೋದು ಯಾರ ಕೆಲಸ?"

ಮಣ್ಣು ಕಟ್ಟುವುದು ಬೆಂಕಿರಾಯನ ಕೆಲಸ. ಅವನು ಕೈಯ ಮರಳು ಝಾಡಿಸಿದ, ಎದೆಗೆ ಕಟ್ಟಿದ್ದ ಚರ್ಮದ ಹೊದಿಕೆಯ ಗಂಟು ಬಿಚ್ಚಿದ, ಊಟದ ಡಬ್ಬಿ ಕೈಗೆ ತೆಗೆದುಕೊಂಡ. ಊಟಕ್ಕೆ ಇನ್ನೂ ಒಂದೂವರೆ ಗಂಟೆಯಿತ್ತು.

ಅತ್ತೆಯ ಕಣ್ಣೆದುರು ಆರಾಮ ಕುರ್ಚಿ ಪ್ಲಾಸ್ಟಿಕ್ ಸಮೇತ ಬಂದು ನಿಂತಿತು. ಸುಮ್ಮನಿದ್ದರೆ ಸ್ಟೂಲು ಉಳಿಯುತ್ತಿತ್ತು. ಆದರೆ ಈ ಬೆಂಕಿರಾಯ ಮೂವತ್ತೆಂಟು ವರ್ಷದಿಂದ ದಿನಾ ಜಗಳವಾಡಿದ ಮನುಷ್ಯ. ಬೇರೆಯವರ ತಪ್ಪಿಗೆ ಅವನು ಬೈಸಿಕೊಳ್ಳುವುದನ್ನು ನೋಡುತ್ತ ಕೂರುವುದಕ್ಕಾಗಲಿಲ್ಲ.

"ಡಬ್ಬಿ ಕೆಳಗಿಡು ಬೆಂಕಿರಾಯ" ಎಂದಳು. "ಅದು ನಾನು ಮಾಡಿದ್ದು."

ಹೇಳಿದಳು. ಅಳಿಯನ ಮೇಣ ಕೆಟ್ಟಿತ್ತು, ಆರ್‌ಪಾರ್ ತೂತಿತ್ತು, ಮುಚ್ಚಿದೆ, ಒಳಗೆ ಮಣ್ಣು ತುಂಬಲು ಮರೆತೆ. "ಅಷ್ಟೇ. ಒಂದು ಎಂಟು ಕಿಲೋ ತೂಕ ಜಾಸ್ತಿ ಆಗಿದೆ, ಪಾದ ಬೇರೆ ಹೊಯ್ದು ಬೆಸೆದ್ರೆ ಆಯ್ತು. ಹೊಟ್ಟೆ ಗಟ್ಟಿ ಇದ್ರೆ ಯಾರಿಗೇನು ಕಷ್ಟ?"

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಲಾರಿ ಬಂದು ನಿಂತ ಸದ್ದಾಯಿತು. ಅಳಿಯ ಆರು ದಿನದ ಧೂಳಿನೊಂದಿಗೆ ಒಳಗೆ ಬಂದ. "ದಾನಿಗಳನ್ನ ನಿಲ್ಲಿಸಿ ಬಂದೆ, ಮೀಸೆ ಎಲ್ರಿಗೂ ಇಷ್ಟ ಆಯ್ತು" ಎನ್ನುತ್ತ ಬಂದವನು ತಕ್ಕಡಿಯ ಮೇಲೆ ಕೂತ ಮನುಷ್ಯನನ್ನು ನೋಡಿ ನಿಂತ. ಒಂದು ಸುತ್ತು ಬಂದ. ಬಗ್ಗಿ ನೋಡಿದ.

"ತೂತೆಲ್ಲಿ?" ಎಂದ.

ಬೆಂಕಿರಾಯನೂ ಸೊಸೆಯೂ ಅತ್ತೆಯ ಕಡೆ ತಿರುಗಿದರು.

"ತೂತು ಎಲ್ಲಿ ಹೋಯ್ತು ಅಂತ! ಇಡೀ ಶಿಲ್ಪ ಇರೋದೇ ಆ ತೂತಲ್ಲಿ. ಅವರು ಎರಡು ವರ್ಷ ಮಾಡಿದ್ದು ಆ ತೂತನ್ನ. ಮನುಷ್ಯ ಅನ್ನೋದು ಅದರ ಸುತ್ತ ಸುಮ್ನೆ..." ಇಷ್ಟು ಹೇಳುವಾಗ ಅವನ ಬೆರಳು ಹೊಕ್ಕುಳಿನ ಮೇಲೆ ಬಂತು. "ಇದೇನಿದು?"

"ಮನುಷ್ಯ ಅಂದ ಮೇಲೆ ಇರಲ್ವೇನೋ" ಎಂದ ಬೆಂಕಿರಾಯ. ಮೇಣಕ್ಕೆ ಮಣ್ಣು ಮೆತ್ತುವಾಗ ಅದನ್ನು ನೋಡಿ ಅವನು ಮೆಚ್ಚಿಯೂ ಇದ್ದ.

ಅತ್ತೆ ಸ್ಟೂಲಿನ ಮೇಲೆ ಕೂತಳು. ಮೂವತ್ತೆಂಟು ವರ್ಷದಲ್ಲಿ ಎಷ್ಟು ಸಾವಿರ ತೂತು ಮುಚ್ಚಿದ್ದಳೋ. ಯಾವುದನ್ನಾದರೂ ಯಾರಾದರೂ ಬೇಕೆಂದೇ ಮಾಡಿರಬಹುದು ಎಂಬ ಯೋಚನೆ ಒಂದು ಸಲವೂ ಹತ್ತಿರ ಸುಳಿದಿರಲಿಲ್ಲ.

"ಅತ್ತೆ," ಎಂದಳು ಸೊಸೆ, ಬಹಳ ಮೆತ್ತಗೆ. "ಕುರ್ಚಿ."

"ಗೊತ್ತು. ಶಿಲ್ಪಿ ಬರೋದು ಯಾವತ್ತು?"

"ನಾಲ್ಕು ದಿನಕ್ಕೆ."

"ಆ ನಾಲ್ಕು ದಿನ ನನಗೆ ಕೊಡು. ನಾನು ತುಂಬಿದ್ದನ್ನ ನಾನೇ ಖಾಲಿ ಮಾಡ್ತೀನಿ. ಆ ಅಮ್ಮ ನೋಡಿ ಇದು ನನ್ನದಲ್ಲ ಅಂದ್ರೆ, ನಾನಾಗೇ ಹೋಗಿ ನಿನ್ನ ಕುರ್ಚಿ ಮೇಲೆ ಕೂತ್ಕೋತೀನಿ. ಪ್ಲಾಸ್ಟಿಕ್ಕೂ ತೆಗೆಯಲ್ಲ."

ಸೊಸೆ ಗಂಡನ ಮುಖ ನೋಡಿದಳು. ಗಂಡ ತನ್ನ ಮೇಣ ಕೆಟ್ಟಿತ್ತೆಂದು ಅತ್ತೆ ಅಂದುಕೊಂಡಿದ್ದರ ಬಗ್ಗೆ ಏನಾದರೂ ಹೇಳಬೇಕೆಂದಿದ್ದ. ಹೆಂಡತಿಯ ಹುಬ್ಬು ನೋಡಿ ಅದನ್ನು ಬೇರೆ ದಿನಕ್ಕೆ ಎತ್ತಿಟ್ಟ.

"ನಾಲ್ಕೇ ದಿನ" ಎಂದಳು ಸೊಸೆ.

ಮೊದಲ ದಿನ ಪೂರ್ತಿ ಕೊರೆಯುವುದರಲ್ಲಿ ಕಳೆಯಿತು. ತೂತಿನ ಅಳತೆ ಎಲ್ಲೂ ಕಳೆದುಹೋಗಿರಲಿಲ್ಲ: ಅಳಿಯನ ರಬ್ಬರ್ ಅಚ್ಚಿನೊಳಗೆ ಅದು ಉಲ್ಟಾ ರೂಪದಲ್ಲಿ, ಒಂದು ರಬ್ಬರಿನ ಗೂಟವಾಗಿ ನಿಂತಿತ್ತು. ನೇರ ಗೂಟವಲ್ಲ, ಬದನೆಕಾಯಿಯಂತೆ ನಡುವೆ ಬಾಗಿ, ಹೊಟ್ಟೆಯಲ್ಲಿ ಅಗಲವಾಗಿ ಶುರುವಾಗಿ ಬೆನ್ನಿನಲ್ಲಿ ಸ್ವಲ್ಪ ಎಡಕ್ಕೆ ಸಣ್ಣದಾಗಿ ಹೊರಬರುತ್ತಿತ್ತು. ಅಳಿಯ ಅದರ ಬಾಯಿಯ ಆಕಾರವನ್ನು ಕಾಗದಕ್ಕಿಳಿಸಿ ಕಂಚಿನ ಮೇಲೆ ಅಂಟಿಸಿದ. ಬೆಂಕಿರಾಯ ಆ ಗೆರೆಯ ಒಳಗಡೆ ಸಾಲಾಗಿ ಡ್ರಿಲ್ ಇಳಿಸಿದ. ಹೊಟ್ಟೆಯ ಕಡೆಯಿಂದ ಅರ್ಧ, ಬೆನ್ನಿನ ಕಡೆಯಿಂದ ಅರ್ಧ. ಕಂಚಿನ ಸುರುಳಿಗಳು ನೆಲದ ಮೇಲೆಲ್ಲ ಬಂಗಾರದ ಸಿಪ್ಪೆಯಂತೆ ಬಿದ್ದವು.

"ಮೆಲ್ಲಗೆ ಮಾಡೋ, ಅವನಿಗೆ ನೋವಾಗುತ್ತೆ" ಎಂದಳು ಅತ್ತೆ.

"ನೀನು ಅನ್ನ ತುರುಕುವಾಗ ಇರ್ಲಿಲ್ವಾ ಈ ಕನಿಕರ?"

ಎರಡನೇ ದಿನ ಮಧ್ಯಾಹ್ನ, ಬೆಂಕಿರಾಯ ಹನ್ನೆರಡು ಪೆಟ್ಟು ಹೊಡೆದ ಮೇಲೆ, ಉಂಡೆ ಎರಡು ತುಂಡಾಗಿ ಹೊರಬಿತ್ತು. ಹಿಂದಿನ ತುಂಡು ಮೊದಲು ಉರುಳಿತು. ಮುಂದಿನದು ಡಬ್ಬಿಯ ಮುಚ್ಚಳ ತೆರೆದಂತೆ 'ಟಕ್' ಎಂದು ಕಳಚಿ, ನೆಲದ ಮೇಲೆ ಒಂದು ಸುತ್ತು ತಿರುಗಿ, ಹೊಕ್ಕುಳು ಮೇಲಾಗಿ ನಿಂತಿತು. ಎಲ್ಲರೂ ಅದನ್ನೇ ನೋಡಿದರು. ಮೊದಲು ನಕ್ಕವಳು ಸೊಸೆ. ಸಿಟ್ಟಿನಲ್ಲಿರಬೇಕೆಂದು ನಿರ್ಧರಿಸಿದ್ದವಳು ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಹೋಗಿ, ಅಂಗಳದಲ್ಲಿ ನಕ್ಕು ಮುಗಿಸಿ, ಮುಖ ಗಂಟಿಕ್ಕಿಕೊಂಡು ಒಳಗೆ ಬಂದಳು.

ಪಾದಗಳಿಗೆ ಲೋಹ ಹುಡುಕಬೇಕಾಗಲಿಲ್ಲ. ಹೊಟ್ಟೆಯಿಂದ ಬಂದ ಹಿಂದಿನ ತುಂಡು ಮತ್ತು ಸುರುಳಿಗಳನ್ನೇ ಕರಗಿಸುವ ಮೂಸೆಗೆ ಹಾಕಿದರು. ಹೊಟ್ಟೆ ಕದ್ದದ್ದು ಕಾಲಿಗೇ ವಾಪಸು ಬಂತು. ಮುಂದಿನ ತುಂಡನ್ನು ಬೆಂಕಿರಾಯ ಎರಡು ಸಲ ಇಕ್ಕಳದಲ್ಲಿ ಎತ್ತಿ ಎರಡು ಸಲವೂ ಕೆಳಗಿಟ್ಟ.

"ಇದನ್ನ ಹಾಕೋಕೆ ಮನಸ್ಸಾಗ್ತಿಲ್ಲ ಮೇಣಮ್ಮ. ಪಾಪ, ನನ್ನನ್ನೇ ನೋಡ್ತಿದೆ."

ಉಳಿದದ್ದು ನಡುವಿನ ಬಾಗು. ಡ್ರಿಲ್ ನೇರ ಹೋಗುತ್ತದೆ, ಬಾಗುವುದಿಲ್ಲ. ಒಳಗೆ ಎರಡು ದಾರಿಗಳು ಕೂಡುವಲ್ಲಿ ಒರಟು ಮೆಟ್ಟಿಲಿನಂತೆ ಕಂಚು ನಿಂತಿತ್ತು. ಅಲ್ಲಿಗೆ ದೀಪ ಹೋಗುವುದಿಲ್ಲ; ಕೈ ಹೋದರೆ ಕಣ್ಣಿಗೆ ಜಾಗವಿಲ್ಲ, ಕಣ್ಣಿಟ್ಟರೆ ಕೈಗೆ ಜಾಗವಿಲ್ಲ. ಅಳಿಯನ ತೋಳು ಮೊಣಕೈ ತನಕವೂ ಹೋಗಲಿಲ್ಲ. ಬೆಂಕಿರಾಯನದು ಹೋಗಿ, ವಾಪಸು ಬರುವುದಕ್ಕೆ ಸಾಬೂನು ನೀರು ಬೇಕಾಯಿತು.

ಅತ್ತೆ ಬಳೆ ತೆಗೆದಿಟ್ಟು, ಎಡಗೈಯನ್ನು ರಬ್ಬರ್ ಗೂಟದ ಮೇಲೆ, ಬಲಗೈಯನ್ನು ಲೋಹ ಉಜ್ಜುವ ಅರದ ಸಮೇತ ಮನುಷ್ಯನ ಹೊಟ್ಟೆಯೊಳಗೆ ಇಟ್ಟು, ಕಣ್ಣು ಮುಚ್ಚಿದಳು. ಎಡಗೈ ಸವರಿದ ಬಾಗನ್ನು ಬಲಗೈ ಒಳಗೆ ಹುಡುಕಿತು. ಸಿಗದ ಕಡೆ ಉಜ್ಜಿತು. ಅಷ್ಟು ಖರ್ಚು ಮಾಡಿ ಪೊರೆ ತೆಗೆಸಿದ್ದು ಈ ಕೆಲಸದಲ್ಲಿ ಏನೂ ಉಪಯೋಗಕ್ಕೆ ಬರಲಿಲ್ಲ. ಮೂರನೇ ದಿನ ಪೂರ್ತಿ ಅವಳು ಆ ಮನುಷ್ಯನನ್ನು ಅಪ್ಪಿಕೊಂಡೇ ಕೂತಿದ್ದಳು. ಸೊಸೆ ಮಧ್ಯೆ ಮಧ್ಯೆ ಬಂದು, ಬೈದು, ಅವಳ ಬಾಯಿಗೆ ತುತ್ತಿಟ್ಟು ಹೋದಳು.

ನಾಲ್ಕನೇ ದಿನ ಬೆಳಿಗ್ಗೆ, ಬಾಗಿನ ಒಳಮೈಯಲ್ಲಿ, ಎಡಗೈ ಒಂದು ಕಡೆ ನಿಂತಿತು. ರಬ್ಬರ್ ಗೂಟದ ಮೇಲೆ ಸಣ್ಣ ಉಬ್ಬು. ಗೂಟದಲ್ಲಿ ಉಬ್ಬು ಎಂದರೆ ಶಿಲ್ಪದಲ್ಲಿ ಗುಳಿ.

"ಪ್ಲಾಸ್ಟರಿನ ಗಾಳಿಗುಂಡಿ ಅತ್ತೆ, ಬಿಟ್ಬಿಡಿ" ಎಂದ ಅಳಿಯ. "ಎಲ್ಲಾ ಪ್ಲಾಸ್ಟರಲ್ಲೂ ಇರುತ್ತೆ. ಯಾರಿಗೂ ಕಾಣೋದೂ ಇಲ್ಲ."

ಹತ್ತು ದಿನದ ಹಿಂದಾಗಿದ್ದರೆ ಅತ್ತೆ ಅವನಿಗಿಂತ ಮೊದಲೇ ಹಾಗೆ ಹೇಳುತ್ತಿದ್ದಳು. ಈಗ ಅವಳು ಆ ಉಬ್ಬಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಳು. ಗಾಳಿ ಮಾಡುವ ಗುಂಡಿ ದುಂಡಗಿರುತ್ತದೆ. ಗಾಳಿಗೆ ಎಡಬಲ ಗೊತ್ತಿಲ್ಲ. ಇದು ಉದ್ದುದ್ದವಾಗಿತ್ತು, ಒಂದು ಕಡೆ ಆಳ, ಇನ್ನೊಂದು ಕಡೆ ಜಾರು, ಆಳದ ತುದಿಯಲ್ಲಿ ಉಗುರಿನಷ್ಟು ಸಣ್ಣ ಗೆರೆ. ಬೆನ್ನಿನ ಕಡೆಯಿಂದ ಕೈ ಹಾಕಿದವರು ಹೊರಗೆ ತೆಗೆಯುವಾಗ ಎಡಗೈ ಹೆಬ್ಬೆರಳನ್ನು ಒತ್ತಿದರೆ ಹೀಗಾಗುತ್ತದೆ.

"ಗಾಳಿಗೆ ಉಗುರಿರುತ್ತೇನೋ?" ಎಂದಳು.

ಗುಂಡುಮೂತಿಯ ಸಣ್ಣ ಉಳಿ ತೆಗೆದುಕೊಂಡು, ಹೆಬ್ಬೆರಳಿನ ಆ ಗುಳಿಯನ್ನು ಕಂಚಿನಲ್ಲಿ ಕೂರಿಸಲು ಅವಳಿಗೆ ಮಧ್ಯಾಹ್ನದವರೆಗೆ ಹಿಡಿಯಿತು. ಕೊನೆಯ ಗೆರೆ ಎಳೆದು ಕೈ ಹೊರತೆಗೆಯುವ ಹೊತ್ತಿಗೆ ಬಾಗಿಲಲ್ಲಿ ಶಿಲ್ಪಿ ನಿಂತಿದ್ದಳು.

ಉದ್ದ ಕೈಯ, ಕಡಿಮೆ ಮಾತಿನ ಹೆಂಗಸು. ಕಾಲಿನ ಚಪ್ಪಲಿಯ ಮೇಲೆಲ್ಲ ಪ್ಲಾಸ್ಟರಿನ ಕಲೆ. ಎಲ್ಲರಿಗೂ ತಲೆಯಾಡಿಸಿ ಸೀದಾ ಮನುಷ್ಯನ ಹತ್ತಿರ ಹೋದಳು. ಅವನು ಈಗ ಹೊಸ ಪಾದಗಳ ಮೇಲೆ ತಾನಾಗಿಯೇ ನಿಂತಿದ್ದ. ಹೊಟ್ಟೆಯ ತೂತಿನಿಂದ ಕಿಟಕಿಯ ಬೆಳಕು ಒಳಬಂದು, ಬಾಗಿನಲ್ಲಿ ತಿರುಗಿ, ಬೆನ್ನಿನಿಂದ ತೆಳ್ಳಗೆ ಹೊರಬರುತ್ತಿತ್ತು. ಅವಳು ಒಂದು ಸುತ್ತು ಬಂದಳು. ಇನ್ನೊಂದು ಸುತ್ತು. ಬೆಂಕಿರಾಯ ಮೂರನೇ ಸುತ್ತನ್ನು ಎಣಿಸದೆ ಕಣ್ಣು ಮುಚ್ಚಿಕೊಂಡ. ಸೊಸೆಯ ಕೈಯ ಬೀಗದ ಕೈಗೊಂಚಲು ಸದ್ದು ಮಾಡುವುದನ್ನು ನಿಲ್ಲಿಸಿತು.

ಶಿಲ್ಪಿ ಅಂಗಿಯ ತೋಳು ಮಡಚಿದಳು. ಹಿಂದೆ ನಿಂತು ಎಡಗೈಯನ್ನು ಮನುಷ್ಯನ ಬೆನ್ನಿನೊಳಗೆ ಇಳಿಸಿದಳು. ಅವಳ ಕಣ್ಣೂ ತಾನಾಗಿಯೇ ಮುಚ್ಚಿಕೊಂಡಿತು. ಕೈ ಒಳಗೆ ಹೋಯಿತು, ಬಾಗಿತು, ನಿಂತಿತು.

ಅವಳು ಹುಬ್ಬು ಗಂಟಿಕ್ಕಿದಳು. ಕೈ ಸ್ವಲ್ಪ ಹಿಂದಕ್ಕೆ ಬಂತು, ಮತ್ತೆ ಅಲ್ಲಿಗೇ ಹೋಯಿತು.

ಅತ್ತೆಗೆ ಕುರ್ಚಿಯ ಪ್ಲಾಸ್ಟಿಕ್ ತನ್ನ ಕೆಳಗೆ ಚರಪರ ಎನ್ನುವುದು ಕೇಳಿಸಿತು.

"ಇಲ್ಲೊಂದು ಗುಳಿ ಇದೆ" ಎಂದಳು ಶಿಲ್ಪಿ.

"ಇದೆ" ಎಂದಳು ಅತ್ತೆ. "ಹೆಬ್ಬೆರಳು. ಎಡಗೈದು. ಉಗುರು ಸ್ವಲ್ಪ ಬೆಳೆದಿತ್ತು."

ಶಿಲ್ಪಿ ಕಣ್ಣು ತೆರೆದಳು. ಮುಖವೆಲ್ಲ ನಿಧಾನವಾಗಿ ಅಗಲವಾಯಿತು. "ಕೆಲಸ ಮುಗಿಸಿ ಕೈ ತೆಗೆಯುವಾಗ ಒತ್ತಿದ್ದು. ಹೋಗಿ ಬರ್ತೀನಿ ಅಂತ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ಹಿಂದಿನ ಆರರಲ್ಲೂ ಒತ್ತಿದ್ದೆ. ಬೇರೆ ಕಡೆ ಎರಕ ಹೊಯ್ದಾಗ ಆರರಲ್ಲೂ ಮುಚ್ಚಿಹೋಗಿತ್ತು. ಇದನ್ನ ಯಾರು ಮಾಡಿದ್ದು?"

ಈಗ ಸೊಸೆ ಮುಂದೆ ಬಂದಳು. ಅವಳು ಹೆದರಿದಾಗ ಮಾತು ಜಾಸ್ತಿಯಾಗುತ್ತದೆ. "ನೋಡಿ, ತಪ್ಪು ನಮ್ಮ ಕಡೆಯದು, ಒಬ್ಬರದ್ದು ಅಂತಲ್ಲ, ನಾನೇ ಸರಿಯಾಗಿ ಹೇಳ್ಲಿಲ್ಲ, ಮುಖ ಹೇಳಿದೆ, ಕೈ ಹೇಳಿದೆ, ಹೊಟ್ಟೆ ಹೇಳ್ಲಿಲ್ಲ. ಅದಕ್ಕೇ ತೂತು ಮುಚ್ಚಿಹೋಯ್ತು, ಎಂಟು ಕಿಲೋ ಒಳಗೆ ಹೋಯ್ತು, ಪಾದ ಬರ್ಲಿಲ್ಲ, ಹೊಕ್ಕುಳೊಂದು ಬಂತು, ಆದ್ರೆ ಈಗ ಎಲ್ಲಾ..."

"ಹೊಕ್ಕುಳು?" ಎಂದಳು ಶಿಲ್ಪಿ.

ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಬೆಂಕಿರಾಯ ಮೂಲೆಯ ಚಿಂದಿಬಟ್ಟೆಯ ಕೆಳಗಿನಿಂದ ಕಂಚಿನ ಆ ತುಂಡನ್ನು ತಂದು ಮೇಜಿನ ಮೇಲಿಟ್ಟ. ನಾಲ್ಕು ದಿನದಲ್ಲಿ ಅವನು ಅದನ್ನು ಗುಟ್ಟಾಗಿ ಉಜ್ಜಿ ಹೊಳಪೂ ಕೊಟ್ಟಿದ್ದ.

ಶಿಲ್ಪಿ ಅದನ್ನು ನೋಡಿದಳು, ಮನುಷ್ಯನನ್ನು ನೋಡಿದಳು, ಮತ್ತೆ ಅದನ್ನು ನೋಡಿದಳು. ಆಮೇಲೆ ಕಡಿಮೆ ಮಾತಿನ ಆ ಹೆಂಗಸು ಮೇಣದತ್ತೆಯ ಮೂರು ಕಾಲಿನ ಸ್ಟೂಲಿನ ಮೇಲೆ ಕುಸಿದು, ಪಕ್ಕೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಬೆಂಕಿರಾಯನೂ ಶುರುಮಾಡಿದ. ಸೊಸೆ ಈ ಸಲ ಅಂಗಳಕ್ಕೆ ಓಡಲಿಲ್ಲ.

"ಎಷ್ಟು ಚೆನ್ನಾಗಿದೆ!" ಎಂದಳು ಶಿಲ್ಪಿ ಉಸಿರು ಸಿಕ್ಕಿದ ಮೇಲೆ. "ಇಪ್ಪತ್ತು ವರ್ಷ ಆಯ್ತು, ನನ್ನ ಕೈಲಿ ಇಂಥದ್ದೊಂದು ಬಂದಿಲ್ಲ. ಇದನ್ನ ನಂಗೆ ಕೊಡ್ತೀರಾ?"

"ಇಲ್ಲ" ಎಂದಳು ಅತ್ತೆ. "ನಿಮ್ಮ ತೂತು ನಿಮಗೆ ಕೊಟ್ಟಾಯ್ತಲ್ಲ. ಹೊಟ್ಟೆ ನನ್ನದು."

ಶಿಲ್ಪಿ ಒಪ್ಪಿಕೊಂಡಳು. ಹೊರಡುವಾಗ ಬಾಗಿಲಲ್ಲಿ ನಿಂತು, ಎಂಟನೆಯ ಮನುಷ್ಯ ಮುಂದಿನ ತಿಂಗಳು ಬರುತ್ತಾನೆ, ಅವನಿಗೆ ಎರಡು ತೂತು, ಎರಡೂ ಒಳಗೆ ಎಲ್ಲೋ ಕೂಡುತ್ತವೆ, "ಎಲ್ಲಿ ಅಂತ ನಾನು ಹೇಳಲ್ಲ, ಅವರೇ ಹುಡುಕಲಿ" ಎಂದು ಅತ್ತೆಯ ಕಡೆ ಬೆರಳು ತೋರಿಸಿ ಹೋದಳು.

ಇನ್ನು ಉಳಿದದ್ದು ಎಡವಟ್ಟಾದರೆ ಕುರ್ಚಿ ಎಂಬ ಸೊಸೆಯ ಮಾತು. ಮಾತು ಕೊಟ್ಟವಳು ಅವಳು. ಅದನ್ನು ಹಿಂತೆಗೆದುಕೊಳ್ಳುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ, ಯಾಕೆಂದರೆ ಹಿಂದೆಂದೂ ತೆಗೆದುಕೊಂಡಿರಲಿಲ್ಲ. ಕೊನೆಗೆ ಗಂಡನನ್ನೂ ಬೆಂಕಿರಾಯನನ್ನೂ ಕರೆದುಕೊಂಡು ಮನೆಯೊಳಗೆ ಹೋದಳು. ಎರಡು ನಿಮಿಷದಲ್ಲಿ ಆರಾಮ ಕುರ್ಚಿ ನಾಲ್ಕು ಕೈಗಳ ಮೇಲೆ ಅಂಗಳ ದಾಟಿ, ಎರಕದ ಮನೆಯ ಬಾಗಿಲಲ್ಲಿ ಒಮ್ಮೆ ಸಿಕ್ಕಿಕೊಂಡು, ಬೈಸಿಕೊಂಡು, ಓರೆಯಾಗಿ ಒಳಬಂದು, ಮೇಣದ ಮೇಜಿನ ಮುಂದೆ ಕೂತಿತು.

"ನಾನು ಹೇಳಿದ್ದು ಕುರ್ಚಿ ಅಂತ" ಎಂದಳು ಸೊಸೆ. "ಕುರ್ಚಿ ಎಲ್ಲಿರಬೇಕು ಅಂತ ಹೇಳಿರ್ಲಿಲ್ಲ. ಇನ್ಮೇಲೆ ತೂತು ಕಂಡ್ರೆ ಮೊದ್ಲು ಕೇಳಿ."

ಅತ್ತೆ ಪ್ಲಾಸ್ಟಿಕ್ ಹರಿದಳು. ಕೂತಳು. ಕುರ್ಚಿ ಹಿಂದಕ್ಕೆ ವಾಲಿತು, ಮೇಜು ದೂರ ಹೋಯಿತು, ಕಾಲು ಮೇಲೆ ಬಂತು. ಅವಳು ಚಾವಣಿ ನೋಡುತ್ತ ಒಂದು ಕ್ಷಣ ಮಲಗಿದ್ದು, ಬೆಂಕಿರಾಯನ ಕೈ ಹಿಡಿದು ಎದ್ದು ಬಂದು, ತನ್ನ ಸ್ಟೂಲಿನ ಮೇಲೆ ಕೂತಳು.

ಕುರ್ಚಿ ವ್ಯರ್ಥವಾಗಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅದರಲ್ಲಿ ಬೆಂಕಿರಾಯ ಮಲಗುತ್ತಾನೆ. ಅವನ ಹೊಟ್ಟೆ ಏಳುತ್ತ ಬೀಳುತ್ತ ಇರುವುದನ್ನು ಅತ್ತೆ ಹೊಸ ಕಣ್ಣಿನಿಂದ ಒಮ್ಮೊಮ್ಮೆ ನೋಡುತ್ತಾಳೆ. ಮೇಜಿನ ಮೇಲೆ, ಮೇಣದ ಹಾಳೆಗಳು ಗಾಳಿಗೆ ಹಾರದಂತೆ, ಎರಡು ಕಿಲೋದ ಕಂಚಿನ ಹೊಕ್ಕುಳು ಕೂತಿರುತ್ತದೆ.